ಜಗಲಿಯ ಮಳೆಗಾಲ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂಟಿತನಕ್ಕೆ ಒಂದು ಗೊತ್ತಾದ ಋತುವಿದೆ. ಜೂನ್ ಎರಡನೆಯ ವಾರಕ್ಕೆ ಮೃಗಶಿರಾ ಮಳೆ ಹಿಡಿಯುತ್ತದೆ. ಆಮೇಲೆ ಸುಮಾರು 14 ದಿನಕ್ಕೊಂದರಂತೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಎಂದು ಮಳೆಯ ಹೆಸರು ಬದಲಾಗುತ್ತದೆ. ಮಳೆ ಮಾತ್ರ ಆಗಸ್ಟ್ ಮುಗಿಯುವ ತನಕ ಬಿಡುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆ ಕೆಲವು ವರ್ಷ ಆಗುಂಬೆಯನ್ನೂ ಹಿಂದೆ ಹಾಕುತ್ತವೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರು. ಬೆಂಗಳೂರಿನ ವರ್ಷದ ಮಳೆ ಈ ಘಟ್ಟದಂಚಿನ ಊರುಗಳಲ್ಲಿ ಒಂದೆರಡು ವಾರದಲ್ಲಿ ಬಿದ್ದುಹೋಗುವುದುಂಟು.

ಮಳೆಯೊಂದೇ ಆಗಿದ್ದರೆ ಒಂಟಿತನ ಇಷ್ಟು ಗಾಢವಾಗುತ್ತಿರಲಿಲ್ಲ. ಮಲೆನಾಡಿನ ಮನೆಗಳು ಒಂದರ ಪಕ್ಕ ಒಂದು ಇರುವುದು ಕಡಿಮೆ. ಅಡಿಕೆ ತೋಟಕ್ಕೆ ನೀರು ನಿಲ್ಲದ, ಆದರೆ ತೇವ ಆರದ ಕಣಿವೆ ಬೇಕು. ತೋಟಕ್ಕೆ ಗೊಬ್ಬರವಾಗುವ ಸೊಪ್ಪಿಗೆ ಅದರ ಮೇಲೊಂದು ಬೆಟ್ಟ ಬೇಕು. ಒಂದು ಕಣಿವೆಯಲ್ಲಿ ಎರಡು ಮೂರು ಮನೆಗೆ ಸಾಕಾಗುವಷ್ಟೇ ಇಂಥ ಜಾಗ. ಹೀಗೆ ಊರೆಂಬುದು ಹತ್ತು ಹನ್ನೆರಡು ಮನೆಯಾಗಿ ಕಾಡಿನ ನಡುವೆ ಹರಡಿಕೊಂಡಿತು. ತೀರ್ಥಹಳ್ಳಿ ಕಡೆಯ ಹೆಗ್ಗಡೆ ಮನೆಗಳೂ ತಮ್ಮ ತಮ್ಮ ಗದ್ದೆಬಯಲಿನ ತಲೆಯಲ್ಲಿ ಒಂಟಿಯಾಗಿಯೇ ನಿಂತವು. ಬೇಸಗೆಯಲ್ಲಿ ಹಾರಿ ದಾಟುವ ಹಳ್ಳ ಮಳೆಗಾಲದಲ್ಲಿ ಕಾಲುಸಂಕವನ್ನು ಮುಳುಗಿಸುತ್ತದೆ. ಆಗ ಎದುರು ದಡದ ಮನೆ ಕಣ್ಣಿಗೆ ಕಂಡರೂ ಹೋಗಿಬರಲು ಆಗುವುದಿಲ್ಲ.

ಶರಾವತಿ ಹಿನ್ನೀರಿನ ಜನರದು ಇನ್ನೂ ಕಠಿಣವಾದ ಒಂಟಿತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರಗಳ ನೂರಾರು ಊರು ನೀರಿನ ಪಾಲಾದವು. ತುಮರಿಯ ಸುತ್ತಲಿನ ಕರೂರು, ಭಾರಂಗಿ ಸೀಮೆ ತಾಲ್ಲೂಕು ಕೇಂದ್ರದಿಂದ ಕಡಿದುಹೋಯಿತು. ಸಾಗರದ ಆಸ್ಪತ್ರೆ, ಕಾಲೇಜು, ಸಂತೆಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆ ಲಾಂಚು ನಿಂತಿತೆಂದರೆ ದ್ವೀಪದಂತಾದ ಆ ಸೀಮೆಗೆ ಬೀಗ ಬಿದ್ದಂತೆಯೇ ಆಗುತ್ತಿತ್ತು. ಈ ಪಾಡು ಸುಮಾರು 60 ವರ್ಷ ನಡೆಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಾಡಿಗೆಲ್ಲ ಬೆಳಕು ಕೊಡುವ ನೀರಿನ ಮಗ್ಗುಲಲ್ಲೇ ಎಷ್ಟೋ ಮನೆಗಳು ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲಿ ಕಳೆದವು ಎಂಬುದನ್ನು ಮರೆಯಲಾಗದು.

ಇಂಥ ನಾಡಿನಲ್ಲಿ ಮನರಂಜನೆ ಹೊರಗಿನಿಂದ ಬರುವ ವಸ್ತುವಾಗಲು ಸಾಧ್ಯವೇ ಇರಲಿಲ್ಲ. ನಾಟಕ ಕಂಪನಿಯ ಡೇರೆ, ಯಕ್ಷಗಾನ ಮೇಳದ ರಂಗಸ್ಥಳ, ಜಾತ್ರೆಯ ತೇರು ಇವೆಲ್ಲ ಬೇಸಗೆಯ ಭಾಗ್ಯ. ಮಂದಾರ್ತಿಯಂಥ ಕರಾವಳಿಯ ಕ್ಷೇತ್ರಗಳ ಮೇಳಗಳು ಘಟ್ಟ ಹತ್ತಿ ಬಂದು ಹರಕೆ ಆಟ ಆಡುತ್ತವೆ. ಮೇ ತಿಂಗಳ ಕೊನೆಗೆ ಅವು ಗೆಜ್ಜೆ ಬಿಚ್ಚಿ ಇಳಿದುಹೋದರೆ ಮತ್ತೆ ಕಾಣುವುದು ನವೆಂಬರಿನ ಹೊತ್ತಿಗೆ. ನಡುವಿನ ತಿಂಗಳುಗಳಿಗೆ ಮಲೆನಾಡಿಗರು ಮನೆಯೊಳಗೆ ಹಿಡಿಸುವ ಕಲೆಗಳನ್ನು ಬೆಳೆಸಿಕೊಂಡರು. ಅವುಗಳ ಅಳತೆಗೋಲು ಜಗಲಿ: ಎಂಟು ಹತ್ತು ಜನ ಕಂಬಳಿ ಹಾಸಿಕೊಂಡು ಕೂರಬಹುದಾದ ಜಾಗ, ನಡುವೆ ಒಂದು ದೀಪ. ಕುವೆಂಪು ಬೆಳೆದ ಕುಪ್ಪಳಿಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಜಗಲಿ, ಒಳ ಅಂಗಳ, ಉಪ್ಪರಿಗೆಗಳನ್ನು ನೋಡಿದವರಿಗೆ ಮಳೆಗಾಲದ ಮಲೆನಾಡಿನಲ್ಲಿ ಮನೆಯೇ ಒಂದು ಊರಾಗಿತ್ತು ಎಂಬುದು ತಿಳಿಯುತ್ತದೆ. ಮಲಗುವುದು, ಉಣ್ಣುವುದು, ಭತ್ತ ಕೂಡಿಡುವುದು, ನ್ಯಾಯ ಹೇಳುವುದು, ಕತೆ ಕೇಳುವುದು ಎಲ್ಲವೂ ಆ ಒಂದೇ ಮಾಡಿನ ಕೆಳಗೆ.

ಜಗಲಿಗೆ ಒಗ್ಗಿದ ಕಲೆಗಳಲ್ಲಿ ಮೊದಲ ಸ್ಥಾನ ತಾಳಮದ್ದಳೆಗೆ. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳಗಳನ್ನು ತೆಗೆದಿಟ್ಟರೆ ಉಳಿಯುವುದು ಹಾಡು ಮತ್ತು ಮಾತು. ಆ ಎರಡರಿಂದಲೇ ತಾಳಮದ್ದಳೆಯ ಕೂಟ ನಡೆಯುತ್ತದೆ. ಭಾಗವತರು ತಾಳ ಹಿಡಿದು ಪ್ರಸಂಗದ ಪದ ಹಾಡುತ್ತಾರೆ, ಪಕ್ಕದಲ್ಲಿ ಮದ್ದಳೆ, ಕೆಲವು ಕಡೆ ಚಂಡೆಯೂ ಉಂಟು. ಎದುರುಬದುರಾಗಿ ಕೂತ ಅರ್ಥಧಾರಿಗಳು ಪದದಲ್ಲಿರುವುದನ್ನು ಮಾತಾಗಿ ಬಿಡಿಸುತ್ತಾರೆ. ಇದು ಹಳೆಯ ಕಲೆ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ದೊರೆತ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿ ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಬಯಲುಸೀಮೆಯಲ್ಲಿ ದತ್ತಿ ಪಡೆದ ಆ ಕಲೆ ನೆಲೆ ಕಂಡುಕೊಂಡದ್ದು ಮಾತ್ರ ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ. ಮಳೆಗೂ ತಾಳಮದ್ದಳೆಗೂ ಇರುವ ನಂಟನ್ನು ಗಮನಿಸಿದರೆ ಇದು ಸಹಜವೆನಿಸುತ್ತದೆ.

ತಾಳಮದ್ದಳೆಯ ಬಲವಿರುವುದು ಅದರ ಪುಸ್ತಕದಲ್ಲಿ ಏನಿಲ್ಲ ಎಂಬುದರಲ್ಲಿ. ಪ್ರಸಂಗ ಪುಸ್ತಕದಲ್ಲಿ ಇರುವುದು ಬರೀ ಪದ್ಯ. ಸಂಭಾಷಣೆಯ ಒಂದು ಸಾಲೂ ಅಲ್ಲಿಲ್ಲ. ಎರಡು ನಿಮಿಷದ ಪದಕ್ಕೆ ಅರ್ಥಧಾರಿ ಹತ್ತು ನಿಮಿಷ ಮಾತಾಡಬಹುದು, ಅರ್ಧ ಗಂಟೆಯನ್ನೂ ತೆಗೆದುಕೊಳ್ಳಬಹುದು. ಎದುರಿನವನು ಏನು ಕೇಳುತ್ತಾನೆಂಬುದು ಮೊದಲೇ ಗೊತ್ತಿರುವುದಿಲ್ಲ. ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿ ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮವೆಂದು ಕೇಳಿದಾಗ ರಾಮನ ಅರ್ಥ ಹೇಳುವವನು ಉತ್ತರ ಕೊಡಲೇಬೇಕು. ಆ ಉತ್ತರ ಇಂದಿನ ಕೂಟದಲ್ಲಿ ಒಂದು ಬಗೆ, ಮುಂದಿನ ವಾರ ಮತ್ತೊಬ್ಬನ ಬಾಯಲ್ಲಿ ಇನ್ನೊಂದು ಬಗೆ. ವಾಲಿ ಗಟ್ಟಿಗನಾಗಿದ್ದರೆ ರಾಮ ಬೆವರುತ್ತಾನೆ. ದೇವಿದಾಸನ ‘ಕೃಷ್ಣಸಂಧಾನ’ದಲ್ಲಿ ಕೌರವನ ಕಡೆಗೂ ನ್ಯಾಯವಿದೆ ಎಂದು ತೋರಿಸಬಲ್ಲ ಅರ್ಥಧಾರಿ ಸಿಕ್ಕಿದರೆ ಕೇಳುವವರಿಗೆ ಬೆಳಗಾದದ್ದು ತಿಳಿಯುವುದಿಲ್ಲ. ‘ಭೀಷ್ಮವಿಜಯ’ದ ಅಂಬೆ ತನ್ನ ಬದುಕು ಹಾಳಾದದ್ದಕ್ಕೆ ಹೊಣೆ ಯಾರೆಂದು ಸಾಲ್ವನನ್ನು, ಭೀಷ್ಮನನ್ನು, ಕೊನೆಗೆ ಪರಶುರಾಮನೆದುರು ಇಡೀ ಲೋಕವನ್ನು ಕೇಳುತ್ತಾಳೆ. ಮೂರು ನಾಲ್ಕು ತಿಂಗಳು ಅದೇ ಹತ್ತು ಮುಖ ನೋಡುತ್ತ ಕೂರಬೇಕಾದ ಜನಕ್ಕೆ ಮುಗಿಯದ ವಾದವೊಂದು ಬೇಕಿತ್ತು. ಪ್ರತಿ ಸಲ ಹೊಸದಾಗಿ ಹುಟ್ಟುವ ಮಾತಿನ ಈ ಕಲೆ ಅದನ್ನು ಒದಗಿಸಿತು.

ಕೂಟಕ್ಕೊಂದು ಶಿಸ್ತಿದೆ. ಗಣಪತಿ ಸ್ತುತಿಯಿಂದ ಆರಂಭ, ಮಂಗಳದಿಂದ ಮುಕ್ತಾಯ. ಪಾತ್ರ ಮೊದಲ ಬಾರಿ ಮಾತಿಗೆ ತೊಡಗುವಾಗ ಪೀಠಿಕೆ ಹೇಳುತ್ತದೆ: ತಾನು ಯಾರು, ಯಾವ ಸ್ಥಿತಿಯಲ್ಲಿದ್ದೇನೆ, ಮನಸ್ಸಿನಲ್ಲೇನಿದೆ. ಆಮೇಲೆ ಸಂಭಾಷಣೆ. ಮಾತು ಹಳಿ ತಪ್ಪಿತು, ಅಥವಾ ಇಬ್ಬರೂ ಹಟಕ್ಕೆ ಬಿದ್ದರು ಎನಿಸಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಅಲ್ಲಿಗೆ ಇಬ್ಬರೂ ಸುಮ್ಮನಾಗಲೇಬೇಕು. ಭಾಗವತರನ್ನು ಮೊದಲನೆಯ ವೇಷವೆಂದು ಕರೆಯುವುದು ಈ ಕಾರಣಕ್ಕೆ. ಅರ್ಥ ಹೇಳುವವರು ತೋಟದ ಕೆಲಸ ಮುಗಿಸಿ ಬಂದ ರೈತರು, ಶಾಲೆಯ ಮಾಸ್ತರರು, ದೇವಸ್ಥಾನದ ಅರ್ಚಕರು. ದ್ರೌಪದಿಯ ಅರ್ಥವನ್ನೂ ಮೀಸೆಯ ಗಂಡಸು ತನ್ನ ಎಂದಿನ ದನಿಯಲ್ಲೇ ಹೇಳುತ್ತಾನೆ, ಮಾತು ಸರಿಯಿದ್ದರೆ ಯಾರಿಗೂ ಕೊರತೆ ಕಾಣುವುದಿಲ್ಲ. ಮಕ್ಕಳಿಗೆ ಮೊದಲು ಸಿಗುವುದು ದೂತನ ಅರ್ಥ. ಒಂದೆರಡು ಮಳೆಗಾಲ ದೂತನಾದ ಹುಡುಗ ಅಭಿಮನ್ಯುವಾಗುತ್ತಾನೆ, ಸುಧನ್ವನಾಗುತ್ತಾನೆ. ಕನ್ನಡದಲ್ಲಿ ನಿಂತಲ್ಲೇ ಮಾತು ಕಟ್ಟುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಶಾಲೆ ಬೇರೊಂದಿಲ್ಲ.

ನಡುರಾತ್ರಿಯ ವಿರಾಮಕ್ಕೆ ಒಳಗಿನಿಂದ ಕಷಾಯವೋ ಚಹಾವೋ ಬರುತ್ತದೆ, ಅವಲಕ್ಕಿ ಬರುತ್ತದೆ. ಹೊಡತಲಿನ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಕೈಯಿಂದ ಕೈಗೆ ಹೋಗುತ್ತದೆ. ಕವಳದ ಬಟ್ಟಲು ಮಾತ್ರ ಕೂಟದುದ್ದಕ್ಕೂ ಸುತ್ತುತ್ತಿರುತ್ತದೆ. ಬಹುಕಾಲ ಹೆಂಗಸರು ಇದನ್ನೆಲ್ಲ ಒದಗಿಸುತ್ತ ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಕೇಳಿ ಕೇಳಿ ಅವರಲ್ಲಿ ಎಷ್ಟೋ ಮಂದಿಗೆ ಪ್ರಸಂಗಗಳೇ ಬಾಯಿಪಾಠವಾಗಿದ್ದವು, ಜಗಲಿಗೆ ಬಂದು ಕೂರುವ ಅವಕಾಶ ಮಾತ್ರ ಇರಲಿಲ್ಲ. ಈಚಿನ ದಶಕಗಳಲ್ಲಿ ಮಹಿಳೆಯರ ತಾಳಮದ್ದಳೆ ತಂಡಗಳು ಹುಟ್ಟಿದವು. ಅಂಬೆಯ ಪ್ರಶ್ನೆಯನ್ನು ಹೆಣ್ಣೊಬ್ಬಳೇ ಕೇಳುವಾಗ ಪ್ರಸಂಗಕ್ಕೆ ಬರುವ ತೂಕವೇ ಬೇರೆ. ಮಲೆನಾಡಿನ ಕೂಟಗಳಲ್ಲಿ ಆದ ಬದಲಾವಣೆಗಳಲ್ಲೆಲ್ಲ ಇದು ಅತ್ಯಂತ ಒಳ್ಳೆಯದು.

ಭಾಗವತರಿಲ್ಲದ, ಮದ್ದಳೆಯಿಲ್ಲದ ಮನೆಗೆ ಕಾವ್ಯವಾಚನ ಇತ್ತು. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಇದೇ ಗಮಕ. ವ್ಯಾಸಪೀಠದ ಮೇಲೆ ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ ಇವುಗಳಲ್ಲಿ ಒಂದು ಇರುತ್ತಿತ್ತು. ಮೊದಲಿನ ಎರಡೂ ಭಾಮಿನಿ ಷಟ್ಪದಿಯ ಕಾವ್ಯಗಳು. ಮೂರು ನಾಲ್ಕು ಮಾತ್ರೆಗಳ ಜೋಡಿ ಹೆಜ್ಜೆಯಲ್ಲಿ ಸಾಗುತ್ತವೆ. ಜೈಮಿನಿಯದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡಿಗೆ. ಯಕ್ಷಗಾನದ ಪ್ರಸಂಗಗಳಲ್ಲೂ ಭಾಮಿನಿ, ವಾರ್ಧಕಗಳು ಹೆಜ್ಜೆಹೆಜ್ಜೆಗೆ ಬರುತ್ತವೆ. ಹಾಗಾಗಿ ಆಷಾಢದಲ್ಲಿ ಜೈಮಿನಿ ಕೇಳಿದ ಕಿವಿ ಶ್ರಾವಣದ ಕೂಟದಲ್ಲಿ ಪದ ಹಿಡಿಯುತ್ತದೆ. ಕತೆಯ ನಂಟೂ ಹಾಗೆಯೇ: ಸುಧನ್ವ, ಬಭ್ರುವಾಹನ, ತಾಮ್ರಧ್ವಜ, ಚಂದ್ರಹಾಸ, ಕುಶಲವರ ಕತೆಗಳು ಜೈಮಿನಿಯಲ್ಲಿವೆ, ಅವೇ ಪ್ರಸಂಗಗಳಾಗಿ ಜಗಲಿಗೆ ಬಂದಿವೆ. ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ಕಡೂರು ತಾಲ್ಲೂಕಿನಲ್ಲಿದೆ, ಈ ಸೀಮೆಗೆ ದೂರದ್ದೇನಲ್ಲ. ಬಯಲುಸೀಮೆಯಲ್ಲಿ ಮಳೆ ಬರಲೆಂದು ವಿರಾಟಪರ್ವ ಓದಿಸುವ ವಾಡಿಕೆಯಿದೆ. ಮಲೆನಾಡಿನಲ್ಲಿ ಕಾವ್ಯ ತೆರೆಯುತ್ತಿದ್ದದ್ದು ಮಳೆ ಬಂದ ಮೇಲೆ, ಅದು ನಿಲ್ಲುವ ತನಕದ ಸಂಜೆಗಳಿಗಾಗಿ.

ಗಮಕ ಈ ಜಿಲ್ಲೆಯಲ್ಲಿ ಬರೀ ನೆನಪಾಗಿ ಉಳಿದಿಲ್ಲ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಗಮಕದ ಊರೆಂದೇ ಹೆಸರಾಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಓದುವವರೊಬ್ಬರು, ಕೇಳುವವರೊಬ್ಬರು ಇದ್ದರೆ ನಡೆಯುವ ಕಲೆಯಿದು. ಒಂಟಿಮನೆಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಹಗಲಿನ ಹೊತ್ತಿಗೆ ಮಣೆಯಾಟಗಳಿವೆ. ಚೆನ್ನೆಮಣೆಗೆ ಅಳಗುಳಿಮಣೆ ಎಂಬ ಹೆಸರೂ ಇದೆ. ಮರದ ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಕುಳಿ. ಒಂದೊಂದು ಕುಳಿಗೆ ನಾಲ್ಕೋ ಐದೋ ಹುಣಸೆಬೀಜ, ಇಲ್ಲವೆ ಮಂಜೊಟ್ಟಿ ಕಾಳು. ಒಂದು ಕುಳಿಯ ಕಾಳನ್ನೆಲ್ಲ ತೆಗೆದು ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಕುಳಿಯದನ್ನು ಎತ್ತಿಕೊಂಡು ಆಟ ಮುಂದುವರಿಯುತ್ತದೆ. ಮುಂದಿನದು ಖಾಲಿಯಿದ್ದರೆ ಅದರಾಚೆಯ ಕುಳಿಯಲ್ಲಿರುವುದು ಆಡಿದವರ ಪಾಲು. ನೋಡಲು ಸುಲಭ. ಆದರೆ ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬಲ್ಲವರನ್ನು ಗೆಲ್ಲುವುದು ಕಷ್ಟ, ಮಲೆನಾಡಿನ ಅಜ್ಜಿಯಂದಿರಲ್ಲಿ ಹಲವರು ಅಂಥವರು. ಘಟ್ಟದ ಕೆಳಗೆ ತುಳುನಾಡಿನಲ್ಲೂ ಚೆನ್ನೆ ಆಡುವುದು ಆಟಿ ತಿಂಗಳ ಮಳೆಯಲ್ಲೇ. ಚೌಕಾಬಾರಕ್ಕೆ ಮಣೆಯೂ ಬೇಡ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರಂತೆ 25 ಮನೆ ಬರೆದು ನಾಲ್ಕು ಕವಡೆ ಹಾಕಿದರಾಯಿತು, ನಾಲ್ಕೂ ಒಂದೇ ಮಗ್ಗುಲಿಗೆ ಬಿದ್ದರೆ ಚೌಕ ಅಥವಾ ಬಾರ, ಜೊತೆಗೆ ಇನ್ನೊಂದು ಸರದಿ. ಮೂರು ಹುಲಿ, 15 ಕುರಿಗಳ ಹುಲಿಕುರಿ ಆಟದ ಗೆರೆಗಳನ್ನು ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಕೊರೆದದ್ದು ಕಾಣುತ್ತದೆ. ಪಗಡೆ ಹಬ್ಬಹರಿದಿನಕ್ಕೆ. ಇಸ್ಪೀಟು ಎಲ್ಲ ಕಾಲಕ್ಕೂ.

ಇಷ್ಟು ಹೇಳಿ ನಿಲ್ಲಿಸಿದರೆ ಮಳೆಗಾಲ ಎಲ್ಲರಿಗೂ ಬಿಡುವಿನ ಕಾಲವಾಗಿತ್ತು ಎಂಬ ತಪ್ಪು ಚಿತ್ರ ಮೂಡುತ್ತದೆ. ಕೂಟ, ಕಾವ್ಯವಾಚನಗಳ ಬಿಡುವು ಹೆಚ್ಚಾಗಿ ಅಡಿಕೆ ತೋಟದ ಮನೆಗಳದ್ದು. ಅವರಿಗೂ ಕೊಳೆರೋಗಕ್ಕೆ ಔಷಧಿ ಹೊಡೆಸುವ ಆತಂಕ ಇದ್ದೇ ಇತ್ತು. ಗದ್ದೆಯ ಕೆಲಸ ಮಾಡುವವರಿಗೆ ಪುನರ್ವಸು, ಪುಷ್ಯ ಮಳೆಯೆಂದರೆ ನಾಟಿಯ ಕಾಲ. ಬೆಳಗಿನಿಂದ ಸಂಜೆಯವರೆಗೆ ಗೊರಬು, ಕಂಬಳಿಕೊಪ್ಪೆ ಹೊದ್ದು ಕೆಸರಲ್ಲಿ ಬಗ್ಗಿ ನಿಲ್ಲಬೇಕು. ಅವರ ಮನೆಯ ಕಲೆ ಅರಳುತ್ತಿದ್ದದ್ದು ಮಳೆಯ ಬಿರುಸು ಇಳಿದ ಮೇಲೆ. ಆ ಕಲೆಗಳಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರಕ್ಕೆ ಸಾಟಿಯಾದದ್ದು ಕರ್ನಾಟಕದಲ್ಲೇ ವಿರಳ.

ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ಎಳೆಯುವುದು ಚಿತ್ತಾರದ ಕ್ರಮ. ಕುಂಚ ಪುಂಡಿ ನಾರಿನದು. ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಮಣ್ಣು. ಅಂಗಡಿಯಿಂದ ತರಬೇಕಾದದ್ದು ಏನೂ ಇಲ್ಲ. ತೇರು, ಬಾಸಿಂಗ, ಗೊಂಬೆಯ ಸಾಲುಗಳೆಲ್ಲ ನೇರ ಗೆರೆಗಳಿಂದಲೇ ಕಟ್ಟಿದವು. ಅಳತೆಪಟ್ಟಿಯಿಲ್ಲದೆ ಬರಿಗಣ್ಣಿನಲ್ಲಿ ಎಳೆದ ಆ ಎಳೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮದುವೆಯ ಹಸೆಗೋಡೆ ಇದರ ದೊಡ್ಡ ರೂಪ. ಮಳೆಗಾಲದ ತುದಿಯಲ್ಲಿ ಬರುವುದು ಬೂಮಣ್ಣಿ ಬುಟ್ಟಿ. ಆಶ್ವಯುಜದ ಹುಣ್ಣಿಮೆಯಂದು, ಭೂಮಿ ಹುಣ್ಣಿಮೆಗೆ, ಬಸುರಿಯಾದ ಭೂಮಿತಾಯಿಗೆ ಬಯಕೆಯ ಅಡುಗೆ ಒಯ್ಯಲು ಬಿದಿರ ಬುಟ್ಟಿಯನ್ನು ಸಗಣಿ, ಕೆಮ್ಮಣ್ಣುಗಳಿಂದ ಸಾರಿಸಿ, ಆರಿಸಿ, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಹಬ್ಬಕ್ಕೆ ವಾರಗಳ ಮೊದಲೇ ಕೆಲಸ ಶುರು. ಅತ್ತೆ ಎಳೆ ಹಿಡಿದರೆ ಸೊಸೆ ತುಂಬುತ್ತಾಳೆ, ಮಕ್ಕಳು ಬಣ್ಣ ಅರೆಯುತ್ತಾರೆ. ಹಾಡು, ನೆರೆಮನೆಯ ಸುದ್ದಿ, ಬುಟ್ಟಿ ಮೂರೂ ಒಟ್ಟಿಗೆ ಸಾಗುತ್ತವೆ. ತಾಳಮದ್ದಳೆಯ ಬಗ್ಗೆ ವಿದ್ವಾಂಸರು ಬರೆದಷ್ಟು ಚಿತ್ತಾರದ ಬಗ್ಗೆ ಬರೆದಿಲ್ಲ. ಇದು ಸರಿಪಡಿಸಬೇಕಾದ ಅನ್ಯಾಯ.

ಆಮೇಲೆ ಯಂತ್ರಗಳು ಬಂದವು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆಯಿತು. ಕರೆಂಟು ಹೋದರೂ ಬ್ಯಾಟರಿಯಲ್ಲಿ ಹಾಡುವ ರೇಡಿಯೊ ಮಳೆಗಾಲದ ಮನೆಗೆ ಹೇಳಿ ಮಾಡಿಸಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು, ಕಾಳಿಂಗ ನಾವಡರ ಹಾಡನ್ನು ಕ್ಯಾಸೆಟ್ಟುಗಳು ಮನೆಮನೆಗೆ ಮುಟ್ಟಿಸಿದವು. ಇದರಿಂದ ಲಾಭವಾಯಿತು, ನಷ್ಟವೂ ಆಯಿತು. ದೊಡ್ಡವರ ಅರ್ಥವನ್ನು ಮತ್ತೆ ಮತ್ತೆ ಕೇಳಿ ಕಲಿತವರು ಹಲವರು. ಅದರ ಮುಂದೆ ತಮ್ಮದೇನು ಎಂದು ಬಾಯಿ ಮುಚ್ಚಿದವರೂ ಇದ್ದಾರೆ. ಹಾಗೆ ಬಾಯಿ ಮುಚ್ಚಿದ ಮನೆಯಲ್ಲಿ ಕೇಳುಗರು ಉಳಿದರು, ಕೂಟ ಉಳಿಯಲಿಲ್ಲ.

ಬರೀ ಕೇಳುಗರಾಗಿ ಉಳಿಯದೆ ಆಡುವವರೂ ಆಗುವುದು ಹೇಗೆಂಬ ಪ್ರಶ್ನೆಗೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಬೇರೊಂದು ದಾರಿ ಹುಡುಕಿದರು. 1949ರಲ್ಲಿ ಊರ ಯುವಕರು ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಅಡಿಕೆ ಬೆಳೆಗಾರರ ಹಳ್ಳಿಯೊಂದು ಜಗತ್ತಿನ ನಾಟಕ, ಸಿನಿಮಾಗಳನ್ನು ತನ್ನ ಅಂಗಳದಲ್ಲೇ ನೋಡಬಲ್ಲದು, ಆಡಬಲ್ಲದು ಎಂದು ತೋರಿಸಿತು. ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಅವರ ಅಕ್ಷರ ಪ್ರಕಾಶನದ ಪುಸ್ತಕಗಳೂ ಇದೇ ಊರಿನಿಂದ ಕನ್ನಡನಾಡಿಗೆಲ್ಲ ಹೋದವು. 1985ರಲ್ಲಿ ಶುರುವಾದ ‘ತಿರುಗಾಟ’ ಊರೂರಿಗೆ ನಾಟಕ ಒಯ್ಯಲು ಹೊರಡುವುದು ಮಳೆ ನಿಂತ ಮೇಲೆ; ಮಳೆಗಾಲ ತಾಲೀಮಿನ ಕಾಲ. ಮುಚ್ಚಿದ ಋತುವನ್ನು ತಯಾರಿಯ ಋತುವಾಗಿ ಬಳಸುವ ಮಲೆನಾಡಿನ ಹಳೆಯ ಬುದ್ಧಿ ಇಲ್ಲೂ ಕೆಲಸ ಮಾಡಿದೆ.

2020ರ ಮಾರ್ಚ್ 25ರಂದು ಕೊರೊನಾ ಸೋಂಕಿನಿಂದಾಗಿ ದೇಶವೇ ಬಾಗಿಲು ಹಾಕಿಕೊಂಡಾಗ ಈ ತಾಲ್ಲೂಕುಗಳಿಗೆ ಒಂದೇ ವರ್ಷದಲ್ಲಿ ಎರಡು ಒಂಟಿತನ ಬಂತು. ಬೇಸಗೆಯ ಹರಕೆ ಆಟಗಳು ಅರ್ಧದಲ್ಲೇ ನಿಂತವು, ಜಾತ್ರೆಗಳು ನಡೆಯಲಿಲ್ಲ, ಮೇಳದ ಕಲಾವಿದರು ಕಟ್ಟಿದ ಗೆಜ್ಜೆ ಬಿಚ್ಚಿ ಮನೆಗೆ ಹೋದರು. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ‘ರಾಮಾಯಣ’ ಧಾರಾವಾಹಿ ಮತ್ತೆ ಬರತೊಡಗಿತು. ದೇಶವೆಲ್ಲ ಅದನ್ನು ನೋಡಿತು. ಆದರೆ ಮಲೆನಾಡಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬೆಂಗಳೂರಿನ ಕಂಪನಿಗಳಲ್ಲಿದ್ದ ಹುಡುಗರು, ಹುಡುಗಿಯರು ಲ್ಯಾಪ್‌ಟಾಪು ಹಿಡಿದು ಊರಿಗೆ ಬಂದರು. ಶಾಲೆ ಬಿಟ್ಟ ಮೇಲೆ ಒಂದು ಪೂರ್ತಿ ಮಳೆಗಾಲವನ್ನು ಮನೆಯಲ್ಲಿ ಕಳೆದದ್ದು ಅವರಲ್ಲಿ ಅನೇಕರಿಗೆ ಅದೇ ಮೊದಲು. ನೆಟ್‌ವರ್ಕು ಸಿಗಲೆಂದು ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ ದುಃಖದ ಕತೆಗಳೂ ಆ ವರ್ಷದ್ದೇ. ಸಂಜೆಯಾಗಿ ಕರೆಂಟು ಹೋದಾಗ ಅಟ್ಟದ ಮೇಲಿದ್ದ ಚೆನ್ನೆಮಣೆ ಎಷ್ಟೋ ಮನೆಗಳಲ್ಲಿ ಕೆಳಗೆ ಬಂತು.

ಯಕ್ಷಗಾನದ ಜಗತ್ತಿನಲ್ಲಿ ಆಗ ಬೇಗ ಚೇತರಿಸಿಕೊಂಡದ್ದು ತಾಳಮದ್ದಳೆ. ವೇಷಭೂಷಣದ ಆಟಕ್ಕೆ ವೇಷ ಕಟ್ಟುವ ಚೌಕಿ ಬೇಕು, ಹತ್ತಾರು ಜನ ಬೇಕು, ಮೈಮುಟ್ಟಿ ಬಣ್ಣ ಹಚ್ಚಬೇಕು. ಕೂಟಕ್ಕೆ ನಾಲ್ಕು ಅಡಿ ದೂರದಲ್ಲಿ ಕೂತ ಆರು ಜನ ಸಾಕು. ಹೀಗೆ ಮನೆಯ ಜಗಲಿಯಲ್ಲಿ ನಡೆದ ಕೂಟಗಳು ಯೂಟ್ಯೂಬಿನಲ್ಲಿ, ಫೇಸ್‌ಬುಕ್ಕಿನಲ್ಲಿ ನೇರವಾಗಿ ಪ್ರಸಾರವಾದವು. ಅಮೆರಿಕದಲ್ಲಿರುವ ಮಲೆನಾಡಿಗರೂ ಕೇಳಿದರು. ಒಬ್ಬೊಬ್ಬರೂ ಅವರವರ ಮನೆಯಲ್ಲಿ ಕೂತು ಪರದೆಯ ಮೇಲೆ ಸೇರುವ ಪ್ರಯತ್ನ ಮಾತಿನ ಮಟ್ಟಿಗೆ ನಡೆಯುತ್ತದೆ, ಹಾಡಿನ ಮಟ್ಟಿಗೆ ನಡೆಯುವುದಿಲ್ಲ. ದನಿ ತಲುಪಲು ಅರೆಕ್ಷಣ ತಡವಾದರೂ ಭಾಗವತರ ತಾಳಕ್ಕೂ ಮದ್ದಳೆಯ ಪೆಟ್ಟಿಗೂ ತಪ್ಪುತ್ತದೆ. ಹಿಮ್ಮೇಳದವರು ಒಂದೇ ಮಾಡಿನ ಕೆಳಗೆ ಕೂರಲೇಬೇಕು. ಈ ಕಲೆಗೆ ಮೂಲದಿಂದಲೂ ಇರುವ ನಿಯಮ ಅದು, ತಂತ್ರಜ್ಞಾನವೂ ಅದನ್ನು ಬದಲಿಸಲಾಗಲಿಲ್ಲ.

ಸೋಂಕಿನ ಕಾಲ ಮುಗಿದು ಹುಡುಗರು ಮತ್ತೆ ನಗರಕ್ಕೆ ಹೋದರು. ಇಂದು ಮೂರು ತಾಲ್ಲೂಕುಗಳ ಒಂಟಿತನದ ಬಗೆ ಬದಲಾಗಿದೆ. ಎಷ್ಟೋ ಹಳ್ಳಗಳಿಗೆ ಸೇತುವೆಯಾಗಿದೆ, ತುಮರಿಗೆ ಬಸ್ಸು ಲಾಂಚಿಲ್ಲದೆ ಹೋಗುತ್ತದೆ. ಆದರೆ ಹತ್ತು ಜನ ಕೂರುತ್ತಿದ್ದ ಜಗಲಿಯಲ್ಲಿ ಈಗ ಇಬ್ಬರೇ, ಅವರಿಗೂ ಎಪ್ಪತ್ತು ದಾಟಿದೆ. ಮಳೆ ತಂದ ಒಂಟಿತನಕ್ಕೆ ಇಲ್ಲಿನ ಕಲೆಗಳು ಉತ್ತರ ಕೊಟ್ಟವು. ಮಕ್ಕಳಿಲ್ಲದ ಜಗಲಿಯ ಒಂಟಿತನಕ್ಕೆ ಟಿವಿ ಧಾರಾವಾಹಿಯೊಂದೇ ಉತ್ತರವೆಂದು ಒಪ್ಪಿಕೊಳ್ಳುವುದು ಸೋಲು. ಇಬ್ಬರಿದ್ದರೂ ಕಾವ್ಯವಾಚನ ಸಾಧ್ಯ, ಚೆನ್ನೆಮಣೆ ಸಾಧ್ಯ. ನೆರೆಮನೆಯ ಇಬ್ಬರು ಬಂದರೆ ಚೌಕಾಬಾರವಾಗುತ್ತದೆ. ಊರಲ್ಲಿ ಒಬ್ಬ ಭಾಗವತ, ಒಬ್ಬ ಮದ್ದಳೆಗಾರ ಉಳಿದಿದ್ದರೆ ಎರಡು ಗಂಟೆಯ ಕೂಟಕ್ಕೆ ಮೂವರು ಅರ್ಥಧಾರಿಗಳು ಸಾಕು.

ಆ ಮೂವರು ಎಲ್ಲಿಂದ ಬರಬೇಕು ಎಂಬುದೇ ಇಂದಿನ ಪ್ರಶ್ನೆ. ನಗರದಲ್ಲಿರುವ ಮಲೆನಾಡಿನ ಮಕ್ಕಳು ಊರಿಗೆ ಹೋಗುವುದು ದೀಪಾವಳಿಗೆ, ಬೇಸಗೆ ರಜೆಗೆ. ಅವರು ಜುಲೈಯಲ್ಲೋ ಆಗಸ್ಟಿನಲ್ಲೋ ಒಂದು ವಾರ ರಜೆ ಹಾಕಿ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಲಿ. ಹೋಗುವಾಗ ‘ವಾಲಿವಧೆ’ಯ ಪ್ರಸಂಗ ಪುಸ್ತಕವನ್ನು ಜೊತೆಗೆ ಒಯ್ಯಲಿ; ಅರ್ಥ ಹೇಳಿಕೊಡುವವರು ಊರಿನಲ್ಲಿ ಇನ್ನೂ ಇದ್ದಾರೆ.